ಅಸ್ಗರನ ನಾಲಿಗೆ

ಒಂಬತ್ತನೇ ತರಗತಿಯಲ್ಲಿದ್ದಾಗ ನಾನೊಂದು ನಾಟಕದಲ್ಲಿ ಪಾರ್ಟು ಮಾಡಿದ್ದೆ. 1995ರ ಜನವರಿ ಇರಬೇಕು. ಹೊನ್ನಾವರದ ಒಂದು ಹೈಸ್ಕೂಲಿನ ವಾರ್ಷಿಕೋತ್ಸವ. ನಾಟಕ ಕಲಿಸುತ್ತಿದ್ದ ಮಾಸ್ತರರು ಪಾತ್ರ ಹಂಚುತ್ತ ನನ್ನೆದುರು ಬಂದು ನಿಂತರು. "ಸಾಬಿಯ ಪಾರ್ಟು ನೀನೇ ಮಾಡು ಮಾರಾಯ. ನಿನಗೆ ಮೇಕಪ್ಪೂ ಬೇಡ, ಅಭ್ಯಾಸವೂ ಬೇಡ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನನ್ನನ್ನು ಪ್ರೀತಿಯಿಂದಲೇ ಕಾಣುತ್ತಿದ್ದ ಮನುಷ್ಯ ಅವರು.

ಮೂರು ನಿಮಿಷದ ಪಾತ್ರ. ಗುಜರಿ ವ್ಯಾಪಾರಿಯೊಬ್ಬ ಬಂದು ತಪ್ಪು ಕನ್ನಡದಲ್ಲಿ ನಾಲ್ಕು ಮಾತಾಡಿ, ಊರ ಗೌಡರಿಂದ ಬೈಸಿಕೊಂಡು ಹೋಗಬೇಕು. ತೊಂದರೆ ಏನಾಯಿತೆಂದರೆ, ಆ ತಪ್ಪು ಕನ್ನಡ ನನಗೆ ಬರುತ್ತಿರಲಿಲ್ಲ! ನಮ್ಮ ಮನೆಮಾತು ನವಾಯತಿ, ಕೊಂಕಣಿಯ ತಂಗಿಯಂಥ ಭಾಷೆ. ಏಳನೇ ತರಗತಿಯವರೆಗೆ ಓದಿದ್ದು ಭಟ್ಕಳದ ಉರ್ದು ಶಾಲೆಯಲ್ಲಿ, ಅದೂ ಪುಸ್ತಕದ ಉರ್ದು. 1993ರಲ್ಲಿ ಭಟ್ಕಳದ ಗಲಭೆ ತಿಂಗಳುಗಟ್ಟಲೆ ಎಳೆದಾಗ ಅಬ್ಬಾ ನಮ್ಮನ್ನು ಶರಾವತಿಯ ಈಚೆ ದಡದ ಕಾಸರಕೋಡಿಗೆ, ಅಜ್ಜಿಯ ಮನೆಗೆ ತಂದುಬಿಟ್ಟರು. ಅಲ್ಲಿಂದ ಸೇತುವೆ ದಾಟಿ ಹೊನ್ನಾವರದ ಕನ್ನಡ ಹೈಸ್ಕೂಲು. ನನ್ನ ಕನ್ನಡವೆಲ್ಲ ಹವ್ಯಕ ಮಾಸ್ತರರಿಂದಲೂ ನಾಮಧಾರಿ ಗೆಳೆಯರಿಂದಲೂ ಬಂದದ್ದು. ತಪ್ಪಿದರೂ ಅವರ ಹಾಗೆಯೇ ತಪ್ಪುತ್ತಿದ್ದೆ. ಸಿನಿಮಾದ ಸಾಬರು ಆಡುವ 'ನಮ್ದೂಕೆ, ನಿಮ್ದೂಕೆ' ಕನ್ನಡವನ್ನು ನಮ್ಮ ಕೇರಿಯಲ್ಲಿ ಯಾರೂ ಆಡಿದ್ದನ್ನು ನಾನು ಕೇಳಿರಲಿಲ್ಲ. ಕೊನೆಗೆ ಅದನ್ನು ನನಗೆ ಕಲಿಸಿಕೊಟ್ಟವನು ಪಕ್ಕದ ಬೆಂಚಿನ ನಾಯ್ಕರ ಹುಡುಗ. ಊಟದ ಬಿಡುವಿನಲ್ಲಿ ಗೇರುಮರದ ಕೆಳಗೆ ಕೂರಿಸಿ ಎರಡು ವಾರ ತಾಲೀಮು ಕೊಟ್ಟ. "ನೀ ಸರಿಯಾಗಿ ಸಾಬಿಯ ಹಾಂಗೆ ಮಾತಾಡೂದಿಲ್ವಲ್ಲೋ" ಎಂದು ಬೈಯುತ್ತಿದ್ದ.

ಆ ರಾತ್ರಿ ಮೈದಾನ ನಕ್ಕಿತು. ಬಹುಮಾನವಾಗಿ ನನಗೊಂದು ಸ್ಟೀಲಿನ ಡಬ್ಬಿ ಸಿಕ್ಕಿತು. ಅಬ್ಬಾ ಇಶಾ ನಮಾಜು ಮುಗಿಸಿ ಬಂದು ಹಿಂದೆ ನಿಂತು ನೋಡಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಇಬ್ಬರೂ ನಡೆದು ಮನೆಗೆ ಹೊರಟೆವು. ಶರಾವತಿ ಸೇತುವೆಯ ಮಧ್ಯದವರೆಗೆ ಅವರು ಮಾತಾಡಲಿಲ್ಲ. ಅಲ್ಲಿ ಗಾಳಿ ಜೋರು. ಟೊಪ್ಪಿಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದುಕೊಂಡು ಕೇಳಿದರು: "ನೀನು ಆಡಿದೆಯಲ್ಲ, ಆ ಭಾಷೆ ಯಾರದ್ದು?"

ನನಗೆ ಉತ್ತರ ಗೊತ್ತಿರಲಿಲ್ಲ. "ನಾಟಕದ್ದು" ಎಂದೆ.

ಈ ಹಳೆಯ ಪ್ರಸಂಗ ಮತ್ತೆ ಮತ್ತೆ ನೆನಪಾಗುವಂತೆ ಮಾಡಿದವನು ಬೆಂಗಳೂರಿನ ಒಬ್ಬ ಹಾಸ್ಯಗಾರ, ದಾನಿಶ್ ಸೇಠ್. ಓದುಗರಲ್ಲಿ ಹಲವರಿಗೆ ಆತ 'ಮಿಸ್ಟರ್ ನ್ಯಾಗ್ಸ್' ಆಗಿ ಗೊತ್ತು. ಆರ್‌ಸಿಬಿ ತಂಡದ ವಿಡಿಯೋಗಳಲ್ಲಿ ವಿರಾಟ್ ಕೊಹ್ಲಿಯನ್ನೂ ಡಿ'ವಿಲಿಯರ್ಸ್‌ನನ್ನೂ ಕೂರಿಸಿಕೊಂಡು, ಕನ್ನಡದ ಧಾಟಿಯ ಇಂಗ್ಲಿಷಿನಲ್ಲಿ ಅಡ್ಡಾದಿಡ್ಡಿ ಪ್ರಶ್ನೆ ಕೇಳುವ ಆಸಾಮಿ. ಇನ್ನು ಕೆಲವರಿಗೆ ಆತ ನೊಗ್ರಾಜ್. ನನಗೆ ಮಾತ್ರ ಮೊದಲು ಸಿಕ್ಕಿದ್ದು ಅಸ್ಗರ್ ಆಗಿ.

ಅದು ರೇಡಿಯೋದ ಕಾಲ. ಬೆಂಗಳೂರಿನ ಫೀವರ್ 104 ಎಫ್‌ಎಂನಲ್ಲಿ 'ಸುಪಾರಿ' ಎಂಬ ಕಾರ್ಯಕ್ರಮ ಬರುತ್ತಿತ್ತು. ನೀವು ನಿಮ್ಮ ಗೆಳೆಯನ ಮೇಲೋ ಭಾವನ ಮೇಲೋ ಸುಪಾರಿ ಕೊಡಬೇಕು. ಆಗ ದಾನಿಶ್ ಬೇರೆ ಯಾರದೋ ದನಿಯಲ್ಲಿ ಅವರಿಗೆ ಫೋನ್ ಮಾಡಿ ತಲೆಕೆಡಿಸುತ್ತಾನೆ. ಆ ತರಂಗ ಘಟ್ಟ ಇಳಿದು ನಮ್ಮ ಕರಾವಳಿಗೆ ಬರುತ್ತಿರಲಿಲ್ಲ. ಬೆಂಗಳೂರಿನಲ್ಲಿ ಅಂಗಡಿಯಲ್ಲಿದ್ದ ನಮ್ಮೂರ ಹುಡುಗರು ರಾತ್ರಿ ಬಸ್ಸಿಳಿದು ಬಂದಾಗ ಮೊಬೈಲಿನಲ್ಲಿ ಅದರ ತುಣುಕುಗಳನ್ನು ತರುತ್ತಿದ್ದರು. ಭಟ್ಕಳದ ಹೋಟೆಲಿನಲ್ಲಿ ಸುಲೇಮಾನಿ ಚಹಾದ ಮುಂದೆ ಕೂತು ನಾನು ಮೊದಲ ಸಲ ಅಸ್ಗರನ ದನಿ ಕೇಳಿದೆ. 'ಕೈಕು', 'ನಕ್ಕೋ', 'ಹೌ' - ಅಪ್ಪಟ ಬೆಂಗಳೂರು ದಖನಿ. ಹುಡುಗರು ಮೇಜು ಬಡಿದು ನಗುತ್ತಿದ್ದರು. ನನಗೆ ಯಾಕೋ ಮುಜುಗರವಾಯಿತು. ಎಲ್ಲರೂ ನಗುತ್ತಿರುವಾಗ ಒಬ್ಬನೇ ಸುಮ್ಮನಿದ್ದರೆ ಸಂಶಯ ಬರುತ್ತದಲ್ಲ, ಅದಕ್ಕೆ ನಾನೂ ನಕ್ಕೆ. ಮತ್ತೆ 'ನಮ್ದೂಕೆ'ಯೇ ಬಂತಲ್ಲ ಎಂದು ಒಳಗೊಳಗೇ ಅನಿಸುತ್ತಿತ್ತು. ಆಗ ಒಬ್ಬ ಹುಡುಗ ಹೇಳಿದ: "ಮಾಡುವವನೂ ನಮ್ಮವನೇ ಸಾರ್. ದಾನಿಶ್ ಅಂತ ಹೆಸರು."

ನಮ್ಮವನೇ ಮಾಡಿದರೆ ಅದು ಬೇರೆಯಾಗುತ್ತದೆಯೇ? ನಾನೂ ಒಮ್ಮೆ ನಮ್ಮವನೇ ಆಗಿ ಮಾಡಿದ್ದೆನಲ್ಲ!

ಈ ಪ್ರಶ್ನೆಗೆ ಉತ್ತರ ಹುಡುಕುವಾಗ ನನಗೆ ನೆನಪಾಗುವುದು ನಮ್ಮ ಜಿಲ್ಲೆಯ ಯಕ್ಷಗಾನ. ಹೊನ್ನಾವರ, ಕುಮಟಾ ಎಂದರೆ ಬಡಗುತಿಟ್ಟಿನ ತವರು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ್ದು ಹೊನ್ನಾವರ ತಾಲೂಕಿನಲ್ಲೇ. ಅದೇ ತಾಲೂಕಿನ ಕರ್ಕಿಯಲ್ಲಿ ಒಂದು ಮನೆತನವಿದೆ. ಅವರ ಅಡ್ಡಹೆಸರೇ ಹಾಸ್ಯಗಾರ. ನಗಿಸುವುದು ಒಂದು ಮನೆತನದ ಹೆಸರೇ ಆಗಿಬಿಡುವ ನಾಡು ನಮ್ಮದು. ಅಮ್ಮಿಗೆ ಗೊತ್ತಾಗದ ಹಾಗೆ ಗೆಳೆಯರ ಜೊತೆ ಗದ್ದೆಬಯಲಿನ ಆಟಗಳಿಗೆ ಹೋಗಿ, ಶೇಂಗಾ ತಿನ್ನುತ್ತ ಬೆಳಗು ಮಾಡಿದವನು ನಾನು. ನನಗೆ ಹಿಡಿಸುತ್ತಿದ್ದುದು ರಾಜರಲ್ಲ, ಅವರ ದೂತರು. ರಾಜ ಗ್ರಾಂಥಿಕ ಕನ್ನಡದಲ್ಲಿ ಗುಡುಗುತ್ತಾನೆ. ಹಾಸ್ಯಗಾರ ಬಂದು ನಮ್ಮೂರ ಪೇಟೆಯ ಮಾತಿನಲ್ಲಿ ಒಂದು ಎಸೆಯುತ್ತಾನೆ, ರಾಜನ ಕಿರೀಟ ಸ್ವಲ್ಪ ಓರೆಯಾಗುತ್ತದೆ. ಭಾಗವತರ ಪದ್ಯ ಮೊದಲೇ ಇದ್ದದ್ದು, ಆದರೆ ಪಾತ್ರಧಾರಿಯ ಮಾತು ಆ ರಾತ್ರಿ ಆ ಕ್ಷಣ ಹುಟ್ಟಿದ್ದು.

ಬೆಂಗಳೂರಿನ ಇಂಗ್ಲಿಷ್ ಕಲಿತ ಹುಡುಗರು ವೇದಿಕೆಯ ಮೇಲೆ ಮಾಡುವ 'ಇಂಪ್ರೂವ್' ಎಂಬ ಹಾಸ್ಯವೂ ಇಂಥದೇ. ಪಠ್ಯ ಇರುವುದಿಲ್ಲ. ಪ್ರೇಕ್ಷಕರು ಒಂದು ಸಂದರ್ಭ ಕೊಡುತ್ತಾರೆ, ನಟರು ಅಲ್ಲೇ ಮಾತು ಹೊಸೆಯುತ್ತಾರೆ. ಸಾದ್ ಖಾನ್ ಎಂಬ ನಿರ್ದೇಶಕ ಬಂದದ್ದು ಈ ರಂಗದಿಂದ. 1988ರಲ್ಲಿ ಹುಟ್ಟಿದ ದಾನಿಶ್ ರೇಡಿಯೋ, ಕಾರ್ಯಕ್ರಮ ನಿರೂಪಣೆ, ಸ್ಟ್ಯಾಂಡಪ್ ಎಂದು ಓಡಾಡುತ್ತಿದ್ದವನು. ಇಬ್ಬರೂ ಸೇರಿ ರೇಡಿಯೋದ ಒಂದು ದನಿಗೆ ಮೈ ಕೊಟ್ಟರು. ಅದೇ 2018ರ ಜನವರಿ 12ರಂದು ತೆರೆಕಂಡ 'ಹಂಬಲ್ ಪೊಲಿಟಿಷಿಯನ್ ನೊಗ್ರಾಜ್'. ಸಾದ್ ಖಾನ್ ನಿರ್ದೇಶನ. ಬರವಣಿಗೆಯಲ್ಲಿ ಇಬ್ಬರದೂ ಕೈ ಇತ್ತು. ಹಣ ಹೂಡಿದವರು ಪುಷ್ಕರ್ ಮಲ್ಲಿಕಾರ್ಜುನಯ್ಯ, ಹೇಮಂತ್ ರಾವ್ ಮತ್ತು ರಕ್ಷಿತ್ ಶೆಟ್ಟಿ.

ಆ ಜನವರಿ ನಮ್ಮ ಕಡೆಯವರಿಗೆ ಎಂಥದ್ದಾಗಿತ್ತು ಎಂಬುದನ್ನು ಹೇಳಬೇಕು. 2017ರ ಡಿಸೆಂಬರ್ ಮೊದಲ ವಾರ ಹೊನ್ನಾವರದಲ್ಲಿ ಗಲಾಟೆಯಾಯಿತು. ಕೆರೆಯೊಂದರಲ್ಲಿ ಒಬ್ಬ ತರುಣನ ಹೆಣ ಸಿಕ್ಕಿತು. ಕೊಲೆಯೆಂಬ ಸುದ್ದಿ ಹಬ್ಬಿತು. ಬೆಂಕಿ ಕುಮಟಾಕ್ಕೆ, ಶಿರಸಿಗೆ ಹತ್ತಿತು. ಕುಮಟಾದಲ್ಲಿ ಪೊಲೀಸ್ ಐಜಿಯ ವಾಹನವನ್ನೇ ಸುಟ್ಟರು. ಸುಮಾರು ಐದು ವರ್ಷದ ನಂತರ, 2022ರ ಅಕ್ಟೋಬರಿನಲ್ಲಿ, ಅದು ಕೊಲೆಯಲ್ಲ, ಆಕಸ್ಮಿಕವಾಗಿ ನೀರಿಗೆ ಬಿದ್ದು ಆದ ಸಾವು ಎಂದು ಸಿಬಿಐ ಕೋರ್ಟಿಗೆ ವರದಿ ಕೊಟ್ಟಿತು. ಒಂದು ಮನೆಯ ಮಗ ಹೋಗಿದ್ದ, ಆ ದುಃಖ ಆ ಮನೆಯದು. ಅದರ ಮೇಲೆ ಓಟಿನ ಲೆಕ್ಕ ಹಾಕಿದವರು ಬೇರೆಯವರು. ನಾನು ಆಗ ಕುಮಟಾದಲ್ಲಿ ಕೆಲಸದಲ್ಲಿದ್ದೆ. ದಿನಾ ಬೆಳಿಗ್ಗೆ ನಮಸ್ಕಾರ ಹೇಳುತ್ತಿದ್ದ ಅಂಗಡಿಯವರು ಕಣ್ಣು ತಪ್ಪಿಸುತ್ತಿದ್ದರು. ನಾನೂ ತಪ್ಪಿಸುತ್ತಿದ್ದೆ. ನಮ್ಮ ನಡುವೆ ಜಗಳವಾಗಲೀ ಮಾತಾಗಲೀ ಆಗಿರಲಿಲ್ಲ. ನಗು ಮಾತ್ರ ನಿಂತುಹೋಗಿತ್ತು.

ಅದಾಗಿ ಒಂದೂವರೆ ತಿಂಗಳಿಗೆ ತಂಗಿಯ ಮನೆಗೆಂದು ಬೆಂಗಳೂರಿಗೆ ಹೋದೆ. ಭಾವ ನನ್ನನ್ನು ಈ ಸಿನಿಮಾಕ್ಕೆ ಎಳೆದುಕೊಂಡು ಹೋದರು. ಕತೆ ದೊಡ್ಡದೇನಲ್ಲ. ನೊಗ್ರಾಜ್ ಒಬ್ಬ ಕಾರ್ಪೊರೇಟರ್, ಶಾಸಕನಾಗುವ ಆಸೆ. ಸುಳ್ಳು, ಲಂಚ, ದುರಾಸೆ ಎಲ್ಲವೂ ಇವೆ, ನಾಚಿಕೆಯೊಂದಿಲ್ಲ. ಎದುರಿಗೆ ಐಟಿ ಕೆಲಸದಿಂದ ಬಂದ ಒಬ್ಬ ಪ್ರಾಮಾಣಿಕ ಅಭ್ಯರ್ಥಿ. ಕೆಲವು ಕಡೆ ಚಿತ್ರ ಎಳೆಯುತ್ತದೆ, ರೇಡಿಯೋದ ಐದು ನಿಮಿಷದ ತಮಾಷೆಯನ್ನು ಎರಡು ಗಂಟೆಗೆ ಹಿಗ್ಗಿಸಿದ್ದು ಗೊತ್ತಾಗುತ್ತದೆ. ಆದರೂ ಆ ಕತ್ತಲೆಯಲ್ಲಿ ಇನ್ನೂರು ಜನ ಒಂದೇ ಕಡೆ ಮುಖ ಮಾಡಿ, ಒಬ್ಬ ರಾಜಕಾರಣಿಯನ್ನು ನೋಡಿ ಒಟ್ಟಿಗೆ ನಗುತ್ತಿದ್ದುದು ನನಗೆ ಸಿನಿಮಾಕ್ಕಿಂತ ದೊಡ್ಡದಾಗಿ ಕಂಡಿತು. ಡಿಸೆಂಬರಿನ ನಂತರ ನಾನು ಹೊಟ್ಟೆ ತುಂಬ ನಕ್ಕದ್ದು ಅಂದೇ.

ಹೊರಬರುವಾಗ ನನ್ನ ಹಿಂದೆ ಇಬ್ಬರು ಮಾತಾಡಿಕೊಳ್ಳುತ್ತಿದ್ದರು. ಒಬ್ಬ ಮೊಬೈಲಿನಲ್ಲಿ ಏನೋ ಹುಡುಕಿ, "ಓಹ್, ಇವ್ನು ಸಾಬ್ರವ್ನಾ? ನಾನು ನಾಗರಾಜ ಅಂತಾನೇ ಅನ್ಕೊಂಡಿದ್ದೆ" ಅಂದ. ಇನ್ನೊಬ್ಬ, "ಇರ್ಲಿ ಬಿಡೋ, ಸಖತ್ತಾಗ್ ಮಾಡವ್ನೆ" ಅಂದ. ಅಷ್ಟೇ. ಪಾರ್ಕಿಂಗ್ ಕಡೆ ಹೋದರು. ಆ 'ಇರ್ಲಿ ಬಿಡು' ಎಂಬುದನ್ನು ಉಡುಗೊರೆ ಎನ್ನಬೇಕೋ ರಿಯಾಯಿತಿ ಎನ್ನಬೇಕೋ ಎಂದು ಇಡೀ ದಾರಿ ಯೋಚಿಸಿದೆ. ಭಾವನಿಗೆ ಹೇಳಿದರೆ, "ನೀವು ಕತೆ ಬರೆಯುವವರಿಗೆ ಎಲ್ಲದರಲ್ಲೂ ಮೂಳೆ ಸಿಗುತ್ತದೆ" ಎಂದು ಬೈದರು.

ಹಾಗೆ ನೋಡಿದರೆ ನೊಗ್ರಾಜನೂ ನ್ಯಾಗ್ಸನೂ ಸಾಮಾನ್ಯ ಸಾಧನೆಯಲ್ಲ. ನಮ್ಮ ಸಿನಿಮಾಗಳಲ್ಲಿ ಹಿಂದೂ ನಟರು ಟೊಪ್ಪಿ ತೊಟ್ಟು ಸಾಬರಾಗಿ ನಗಿಸಿದ್ದನ್ನು ದಶಕಗಳ ಕಾಲ ನೋಡಿದ್ದೇವೆ. ಒಬ್ಬ ದಾನಿಶ್ ನಾಗರಾಜನಾಗಿ, ಆ ನಾಗರಾಜನ ಕನ್ನಡ, ಅವನ ಇಂಗ್ಲಿಷ್, ಅವನ ಗತ್ತು, ಅವನ ಸಣ್ಣತನ ಎಲ್ಲವನ್ನೂ ನಾಲಿಗೆಯಲ್ಲಿ ತಂದು ನಗಿಸಿದಾಗ ಯಾರೂ ತಕರಾರು ಮಾಡಲಿಲ್ಲ. ಕನ್ನಡಿಗರು ಅವನನ್ನು ಮನೆಯ ಹುಡುಗನೆಂದೇ ಎತ್ತಿಕೊಂಡರು. ಇದನ್ನು ನಾನು ಸಂತೋಷದಿಂದ ಬರೆಯುತ್ತಿದ್ದೇನೆ.

ಆದರೆ ಅದೇ ಬೆಂಗಳೂರಿನಲ್ಲಿ 2021ರ ನವೆಂಬರ್ 28ರಂದು ಮುನವ್ವರ್ ಫಾರೂಕಿ ಎಂಬ ಇನ್ನೊಬ್ಬ ಹಾಸ್ಯಗಾರನ ಕಾರ್ಯಕ್ರಮ ನಡೆಯಬೇಕಿತ್ತು. ಶಾಂತಿಭಂಗವಾದೀತೆಂದು ಪೊಲೀಸರು ಸಂಘಟಕರಿಗೆ ಪತ್ರ ಬರೆದರು, ಕಾರ್ಯಕ್ರಮ ರದ್ದಾಯಿತು. ಅದೇ ವರ್ಷದ ಮೊದಲ ದಿನ ಇಂದೋರಿನಲ್ಲಿ ಆತನನ್ನು ಬಂಧಿಸಿದ್ದರು. ಹೇಳಿದ ಜೋಕಿಗಲ್ಲ, ಹೇಳಬಹುದಾಗಿದ್ದ ಜೋಕಿಗೆ. ಫೆಬ್ರವರಿ 5ರಂದು ಸುಪ್ರೀಂ ಕೋರ್ಟು ಜಾಮೀನು ಕೊಡುವವರೆಗೆ ಜೈಲಿನಲ್ಲಿದ್ದ. ಮುನವ್ವರ್ ವೇದಿಕೆಗೆ ಬರುವುದು ಮುನವ್ವರ್ ಆಗಿಯೇ, ತನ್ನದೇ ಹೆಸರು, ತನ್ನದೇ ಬದುಕು ಹೇಳಿಕೊಂಡು. ದಾನಿಶ್ ಬರುವುದು ವೇಷ ಕಟ್ಟಿಕೊಂಡು. ಒಬ್ಬನಿಗೆ ಬಾಗಿಲು ತೆರೆದುದಕ್ಕೂ ಇನ್ನೊಬ್ಬನಿಗೆ ಮುಚ್ಚಿದ್ದಕ್ಕೂ ಇದೊಂದೇ ಕಾರಣ ಎನ್ನುವಷ್ಟು ದಡ್ಡ ನಾನಲ್ಲ. ಇಬ್ಬರ ಹಾಸ್ಯವೇ ಬೇರೆ, ಗುರಿಯೂ ಬೇರೆ. ಆದರೂ ಯಕ್ಷಗಾನದ ನೆಲದಲ್ಲಿ ಬೆಳೆದವನಿಗೆ ವೇಷದ ಬೆಲೆ ಏನೆಂದು ಗೊತ್ತಿರುತ್ತದೆ. ಬಣ್ಣ ಹಚ್ಚಿಕೊಂಡ ದೂತ ರಾಜನಿಗೆ ಏನನ್ನಾದರೂ ಹೇಳಬಹುದು. ಬೆಳಿಗ್ಗೆ ಬಣ್ಣ ತೊಳೆದು ಅದನ್ನೇ ಊರ ಸಾಹುಕಾರನಿಗೆ ಹೇಳಿ ನೋಡಲಿ!

ಈಗ ಅಬ್ಬಾರ ಇನ್ನೊಂದು ವಿಷಯ. ಆ ಸೇತುವೆಯ ಪ್ರಶ್ನೆ ಕೇಳಿದವರು ನಗುವಿನ ವೈರಿ ಎಂದು ತಿಳಿಯಬೇಡಿ. ಅವರು ಮೆಹಮೂದ್‌ನ ದೊಡ್ಡ ಅಭಿಮಾನಿ. ಹಾಸ್ಯನಟನಾಗಿದ್ದುಕೊಂಡೇ ಸಿನಿಮಾ ಮಾಡಲು ಹೊರಟವರಲ್ಲಿ ಮೆಹಮೂದ್ ನಮ್ಮ ದೇಶಕ್ಕೆ ಹಿರಿಯಣ್ಣ. 1965ರಲ್ಲಿ 'ಭೂತ್ ಬಂಗ್ಲಾ' ನಿರ್ದೇಶಿಸಿದ. 1974ರ 'ಕುಂವಾರಾ ಬಾಪ್'ನಲ್ಲಿ ಪೋಲಿಯೋ ಪೀಡಿತ ಮಗುವಿನ ಕತೆ ಹೇಳಿ ನಗಿಸಿದ ಜನರನ್ನೇ ಅಳಿಸಿದ. ಬೆಂಗಳೂರಿನ ಯಲಹಂಕದ ಕಡೆ ತೋಟ ಮಾಡಿ ಕುದುರೆ ಸಾಕಿಕೊಂಡಿದ್ದವನು, 2004ರಲ್ಲಿ ಅಮೆರಿಕದಲ್ಲಿ ತೀರಿಕೊಂಡ. ಅಬ್ಬಾ ಅವನನ್ನು 'ನಮ್ಮ ಬೆಂಗಳೂರಿನವನು' ಎಂದೇ ಲೆಕ್ಕ ಹಾಕುತ್ತಿದ್ದರು. ದೂರದರ್ಶನದಲ್ಲಿ 1968ರ 'ಪಡೋಸನ್' ಬಂದರೆ ಅಂದು ಮನೆಯಲ್ಲಿ ಹಬ್ಬ. ಜುಟ್ಟು ಬಿಟ್ಟ ಮದ್ರಾಸಿ ಸಂಗೀತ ಮಾಸ್ತರನ ವೇಷದಲ್ಲಿ ಮೆಹಮೂದ್ ಬಾಯಿ ತೆರೆದ ಕೂಡಲೇ ಅಬ್ಬಾ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದರು.

ಎಷ್ಟೋ ವರ್ಷದ ನಂತರ, ಅವರು ಹಾಸಿಗೆ ಹಿಡಿದ ಕೊನೆಯ ಕಾಲದಲ್ಲಿ, ಒಂದು ಸಂಜೆ ಆ ಸಿನಿಮಾ ಮತ್ತೆ ಬಂತು. ನನ್ನೊಳಗಿನ ಒಂಬತ್ತನೇ ತರಗತಿಯ ಹುಡುಗ ಎದ್ದು ಕೂತ. ಕೇಳಿಬಿಟ್ಟೆ: "ಅಬ್ಬಾ, ಮೆಹಮೂದ್ ಆಡುತ್ತಾನಲ್ಲ, ಆ ಭಾಷೆ ಯಾರದ್ದು?"

ಅವರು ಟಿವಿಯಿಂದ ಕಣ್ಣು ತೆಗೆದು ನನ್ನನ್ನು ನೋಡಿದರು. ನೆನಪಿತ್ತು ಅವರಿಗೆ. "ಯಾವ ಮದ್ರಾಸಿಯೂ ಹಾಗೆ ಆಡುವುದಿಲ್ಲ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಆದರೂ ನಗು ಬರುತ್ತದೆ ನೋಡು, ಏನು ಮಾಡುವುದು" ಎಂದು ಮತ್ತೆ ನಕ್ಕರು. ನಾನೂ ನಕ್ಕೆ. ಬೊಂಬಾಯಿಯ ಒಬ್ಬ ಮುಸ್ಲಿಂ ನಟ ದಕ್ಷಿಣದವರ ನಾಲಿಗೆಯನ್ನು ಅಣಕಿಸಿದ್ದಕ್ಕೆ ದಕ್ಷಿಣದ ಇಬ್ಬರು ಮುಸ್ಲಿಮರು ಹೊನ್ನಾವರದಲ್ಲಿ ಕೂತು ನಗುತ್ತಿದ್ದೆವು.

ಇನ್ನು ದಾನಿಶ್‌ನ ಕಡೆಗೆ ಬರುತ್ತೇನೆ. ನನಗೆ ಅವನ 'ಸುಪಾರಿ' ಎಂದೂ ಪೂರ್ತಿ ರುಚಿಸಲಿಲ್ಲ. ಅಲ್ಲಿ ನಗೆಪಾಟಲಾಗುವವನು ಫೋನಿನ ಆಚೆ ಬದಿಯ ಅಮಾಯಕ. ಅವನಿಗೆ ಆಟ ನಡೆಯುತ್ತಿದೆ ಎಂದೇ ಗೊತ್ತಿಲ್ಲ. ಕೇಳುವವರಿಗೆಲ್ಲ ಗೊತ್ತು. ಇದು ಬಲಹೀನನ ಮೇಲಿನ ನಗು. ನೊಗ್ರಾಜ್ ತೆರೆಗೆ ಬಂದಾಗ ಬಾಣ ತಿರುಗಿತು, ಅಧಿಕಾರ ಇದ್ದವನ ಎದೆಗೆ ನೆಟ್ಟಿತು. ಅದರ ಮುಂದುವರಿಕೆಯಾಗಿ 2022ರ ಜನವರಿಯಲ್ಲಿ ವೂಟ್ ಸೆಲೆಕ್ಟ್‌ನಲ್ಲಿ ಬಂದ ಸರಣಿಯಲ್ಲಿ ಅತಂತ್ರ ವಿಧಾನಸಭೆ, ರೆಸಾರ್ಟು, ಕುರ್ಚಿಯ ಕುಸ್ತಿ ಎಲ್ಲ ಬಂದವು. 2018ರಲ್ಲೂ 2019ರಲ್ಲೂ ನಮ್ಮ ರಾಜ್ಯ ನಡೆಸಿದ ನಿಜವಾದ ರೆಸಾರ್ಟ್ ರಾಜಕೀಯದ ಮುಂದೆ ಅದು ಸ್ವಲ್ಪ ಸಪ್ಪೆ ಎನಿಸಿದರೆ ತಪ್ಪು ದಾನಿಶ್‌ನದಲ್ಲ. ಅಲ್ಲಿ ಎದುರಾಳಿಯಾಗಿ ಪ್ರಕಾಶ್ ಬೆಳವಾಡಿ ಇದ್ದರು. ಇಬ್ಬರ ಜುಗಲ್‌ಬಂದಿಗಾಗಿಯಾದರೂ ಅದನ್ನು ನೋಡಬಹುದು.

ಆದರೆ ನನ್ನ ಲೆಕ್ಕದಲ್ಲಿ ಅವನು ನಿಜವಾಗಿ ದೊಡ್ಡವನಾದದ್ದು ಈ ಎರಡರ ನಡುವೆ, 2020ರ ಲಾಕ್‌ಡೌನಿನಲ್ಲಿ. ಭಟ್ಕಳ ಆಗ ಜಿಲ್ಲೆಯಲ್ಲಿ ಮೊದಲು ಮುಚ್ಚಿದ ಊರುಗಳಲ್ಲೊಂದು. ಗಲ್ಫಿನಿಂದ ಬಂದವರಲ್ಲಿ ಸೋಂಕು ಕಂಡಿತ್ತು. ರಸ್ತೆಗೆ ಬೇಲಿ. ಟಿವಿ ಹಚ್ಚಿದರೆ ರೋಗಕ್ಕೂ ಒಂದು ಧರ್ಮ ಕಟ್ಟಿ ಕೂಗುತ್ತಿದ್ದರು. ಅಮ್ಮಿ ಟಿವಿಯ ಮೇಲೆ ಬಟ್ಟೆ ಹೊದಿಸಿಬಿಟ್ಟಿದ್ದರು. ಆ ದಿನಗಳಲ್ಲಿ ದಾನಿಶ್ ತನ್ನ ಮನೆಯಲ್ಲಿ ಒಬ್ಬನೇ ಕೂತು, ಕೈಯಲ್ಲಿ ಫೋನ್ ಹಿಡಿದು ಒಂದೆರಡು ನಿಮಿಷದ ವಿಡಿಯೋ ಮಾಡಿ ಬಿಡುತ್ತಿದ್ದ. ಅದರಲ್ಲಿ ಫೋನ್ ಮಾಡುವವನೂ ಅವನೇ, ಎತ್ತುವವನೂ ಅವನೇ. ರಾಮಮೂರ್ತಿ ಎಂಬ ಹಿರಿಯ ಅವನೇ, ಮನೆಗೆಲಸದ ದೀದಿ ಅವನೇ, 'ಬ್ರೋ' ಎನ್ನುವ ಹುಡುಗನೂ ಅವನೇ. ಕ್ಯಾಮೆರಾ ತಿರುಗಿದರೆ ಮನುಷ್ಯ ಬದಲು. ಇಡೀ ಬೆಂಗಳೂರು ಒಂದೇ ಬಾಯಿಯಲ್ಲಿ ಜಗಳವಾಡುತ್ತಿತ್ತು.

ಗಮನಿಸಿ, ಸುಪಾರಿಯಲ್ಲಿ ಫೋನಿನ ಆಚೆ ಒಬ್ಬ ಬಲಿಪಶು ಬೇಕಿತ್ತು. ಇಲ್ಲಿ ಆ ಜಾಗದಲ್ಲೂ ತಾನೇ ಕೂತ. ಕತೆ ಬರೆಯುವವನಿಗೆ ಇದರ ಅರ್ಥ ಥಟ್ಟನೆ ಹೊಳೆಯುತ್ತದೆ. ಇನ್ನೊಬ್ಬರ ಮಾತನ್ನು ಅಣಕಿಸಬೇಕಾದರೆ ಅದು ಕಿವಿಗೆ ಬಿದ್ದರೆ ಸಾಕು. ಅವರಾಗಿ ಉತ್ತರ ಕೊಡಬೇಕಾದರೆ ಅವರ ಮನೆಯೊಳಗೆ ಒಂದು ರಾತ್ರಿಯಾದರೂ ಇದ್ದು ಬರಬೇಕು. ಹಲವು ವರ್ಷ ನಾನು ನನ್ನ ಕತೆಗಳಲ್ಲಿ ಯಾರನ್ನೂ ನಗಿಸಿರಲಿಲ್ಲ. ನನ್ನ ಮುಸ್ಲಿಂ ಪಾತ್ರಗಳೆಲ್ಲ ಶುದ್ಧ ಕನ್ನಡದಲ್ಲಿ ಅಳುತ್ತಿದ್ದವು. ಅವು ಬಾಯಿ ತಪ್ಪಿದರೆ ಎಲ್ಲಿ ಮೈದಾನ ನಕ್ಕುಬಿಡುತ್ತದೋ ಎಂಬ ಹೆದರಿಕೆ ನನಗೆ.

ಅದೇ ವರ್ಷ ಜುಲೈ 24ರಂದು, ಥಿಯೇಟರುಗಳೆಲ್ಲ ಮುಚ್ಚಿದ್ದಾಗ, 'ಫ್ರೆಂಚ್ ಬಿರಿಯಾನಿ' ನೇರವಾಗಿ ಅಮೆಜಾನ್ ಪ್ರೈಮ್‌ನಲ್ಲಿ ಬಂತು. ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆಯ ಚಿತ್ರ, ನಿರ್ದೇಶನ ಪನ್ನಗ ಭರಣ. ಅದರಲ್ಲಿ ದಾನಿಶ್‌ನ ಪಾತ್ರ ಯಾರು ಗೊತ್ತೇ? ಅಸ್ಗರ್! ಶಿವಾಜಿನಗರದ ಆಟೋ ಚಾಲಕ. ಸೈಮನ್ ಎಂಬ ಫ್ರಾನ್ಸಿನವನೊಬ್ಬ ಅವನ ಆಟೋ ಹತ್ತಿ, ಇಬ್ಬರೂ ಮೂರು ದಿನ ಬೆಂಗಳೂರಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ನಮ್ಮ ಓಣಿಯಲ್ಲಿ ಪ್ರೈಮ್ ಇದ್ದುದು ಅಕ್ಕನ ಮಗನ ಮೊಬೈಲಿನಲ್ಲಿ ಮಾತ್ರ. ಅದನ್ನು ಅಕ್ಕಿಡಬ್ಬಕ್ಕೆ ಒರಗಿಸಿಟ್ಟು ಆರು ಜನ ನೋಡಿದೆವು. ಪಕ್ಕದ ಮನೆಯ ಆಟೋದವನೂ ಇದ್ದ. ಮೂರು ತಿಂಗಳಿಂದ ಅವನ ಆಟೋದ ಮೇಲೆ ಕೋಳಿ ಕೂರುತ್ತಿತ್ತು. ಸಿನಿಮಾ ನನ್ನ ದೃಷ್ಟಿಯಲ್ಲಿ ಅಷ್ಟೇನೂ ಗಟ್ಟಿಯಲ್ಲ. ಎರಡನೇ ಅರ್ಧದಲ್ಲಿ ಗಲಾಟೆ ಜಾಸ್ತಿ, ಕೆಲವು ಜೋಕುಗಳು ಮೊನ್ನೆಯ ಬಿರಿಯಾನಿಯ ಹಾಗೆ ಬಿಸಿ ಮಾಡಿದ್ದು. ಆದರೂ ಅಸ್ಗರನನ್ನು ನೋಡುತ್ತ ನೋಡುತ್ತ ನಾನು ನೆಟ್ಟಗೆ ಕೂತೆ. ಅದೇ 'ಕೈಕು', ಅದೇ 'ನಕ್ಕೋ'. ಆದರೆ ಈಗ ಆ ಭಾಷೆಗೆ ಒಂದು ಮನೆ ಇತ್ತು, ಕೂಡಿ ಊಟ ಮಾಡುವ ಜನ ಇದ್ದರು, ಒಂದು ಬೀದಿ ಇತ್ತು. ಮೂರು ನಿಮಿಷಕ್ಕೆ ಬಂದು ಬೈಸಿಕೊಂಡು ಹೋಗುವ ಗುಜರಿಯವನಲ್ಲ ಇವನು, ಇಡೀ ಚಿತ್ರದ ಆಟೋ ಓಡಿಸುವವನು. ಬಾಂಬೂ ಇಡಲಿಲ್ಲ, ದೇಶಭಕ್ತಿಯ ಪರೀಕ್ಷೆಯಲ್ಲಿ ಪಾಸಾಗಿ ಪ್ರಾಣವನ್ನೂ ಬಿಡಲಿಲ್ಲ. ಸಿನಿಮಾದ ಮುಸ್ಲಿಮನಿಗೆ ಸಾಮಾನ್ಯವಾಗಿ ಈ ಎರಡೇ ಕೆಲಸ. ಇವನಿಗೆ ಇದ್ದದ್ದು ದುಡ್ಡಿನ ತಾಪತ್ರಯ, ಅದೂ ಎಲ್ಲರ ಹಾಗೆ.

ಆಟೋದವನು ಒಮ್ಮೆಯೂ ಭಾಷೆಯ ಬಗ್ಗೆ ಮಾತೆತ್ತಲಿಲ್ಲ. ಮುಗಿದ ಮೇಲೆ, "ಅಷ್ಟು ತಿರುಗಾಡ್ಸಿ ಬಾಡಿಗೆ ಎಷ್ಟಾಯ್ತಂತೆ?" ಎಂದು ಕೇಳಿದ.

ಪುನೀತ್ 2021ರ ಅಕ್ಟೋಬರ್ 29ರಂದು ಹೋಗಿಬಿಟ್ಟರು. ಅವರ ಸಂಸ್ಥೆಯದೇ 'ಒನ್ ಕಟ್ ಟೂ ಕಟ್' 2022ರ ಫೆಬ್ರವರಿಯಲ್ಲಿ ಬಂತು. ವಂಶೀಧರ ಭೋಗರಾಜು ನಿರ್ದೇಶನದ ಅದರಲ್ಲಿ ದಾನಿಶ್ ಸರಕಾರಿ ಶಾಲೆಗೆ ಸೇರುವ ಕರಕುಶಲ ಮೇಷ್ಟ್ರು ಗೋಪಿ. ನನಗೆ ಅದು ಅಷ್ಟಾಗಿ ಹಿಡಿಸಲಿಲ್ಲ. 2024ರ ಜನವರಿಯಲ್ಲಿ ಬಂದ ಮಲಯಾಳದ 'ಮಲೈಕೋಟ್ಟೈ ವಾಲಿಬನ್'ನಲ್ಲಿ ಮೋಹನ್‌ಲಾಲ್‌ಗೆ ಎದುರಾಗಿ ಚಮತಕನ್ ಎಂಬ ಖಳನಾಗಿ ನಿಂತದ್ದು ಮಾತ್ರ ಅಚ್ಚರಿ. ನಗಿಸುವವನು ಹೆದರಿಸಬಲ್ಲ ಎಂಬುದನ್ನು ಲಿಜೊ ಜೋಸ್ ಪೆಲ್ಲಿಶ್ಶೇರಿ ಕಂಡುಕೊಂಡರು. ಅವನ ಅಕ್ಕ ಕುಬ್ರಾ ಸೇಠ್ ಹಿಂದಿಯಲ್ಲಿ ಹೆಸರು ಮಾಡಿದ ನಟಿ. 2018ರ 'ಸೇಕ್ರೆಡ್ ಗೇಮ್ಸ್' ನೋಡಿದವರಿಗೆ ಆಕೆಯ ಪರಿಚಯ ಹೇಳಬೇಕಿಲ್ಲ.

ಇದನ್ನೆಲ್ಲ ಬರೆಯಲು ಕೂತದ್ದು ಅಕ್ಕನ ಮಗನಿಂದಾಗಿ. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಅವನ ಮಿಮಿಕ್ರಿ ಇತ್ತು, ಕುಮಟಾದಲ್ಲಿ. ನಾನು ಮಗ್ರಿಬ್ ಮುಗಿಸಿ ಹೋಗುವಾಗ ತಡವಾಗಿತ್ತು, ಹಿಂದೆ ನಿಂತೆ. ಹುಡುಗ ಮೊದಲು ಮಿಸ್ಟರ್ ನ್ಯಾಗ್ಸ್ ಮಾಡಿದ. ಭಟ್ಕಳದ ನವಾಯತ ಹುಡುಗ, ಬೆಂಗಳೂರಿನ ದಾನಿಶ್ ಕಟ್ಟಿದ ನಾಗರಾಜನ ವೇಷವನ್ನು ಕುಮಟಾದ ಮಕ್ಕಳ ಮುಂದೆ ಕಟ್ಟಿ ಕುಣಿಸುತ್ತಿದ್ದ. ಸಭೆ ಕೇಕೆ ಹಾಕಿತು. ಆಮೇಲೆ ಕಾಲೇಜಿನ ಪ್ಯೂನನ್ನು ಮಾಡಿದ, ಮೀನು ಮಾರುವ ಅಜ್ಜಿಯನ್ನು ಮಾಡಿದ. ಕೊನೆಗೆ, "ಈಗ ನಮ್ಮ ಮಾಮೂ. ಕನ್ನಡದಲ್ಲಿ ಕತೆ ಬರೀತಾರೆ" ಎಂದು ಹೇಳಿ ಕನ್ನಡಕ ಸರಿಮಾಡಿಕೊಂಡು ಮಾತಿಗಿಳಿದ.

ಹೊನ್ನಾವರದ ಎಳೆತ, ನಡುನಡುವೆ ಪುಸ್ತಕದ ಉರ್ದು, 'ಅರ್ಥಾತ್' ಎಂದು ನಿಲ್ಲುವುದು, ಬೈಯುವಾಗ ನವಾಯತಿಗೆ ಜಾರುವುದು, ತಕ್ಷಣ ನಾಚಿಕೊಂಡು ಗ್ರಾಂಥಿಕ ಕನ್ನಡಕ್ಕೆ ಏರುವುದು. ಹುಡುಗಿಯರು ಬೆಂಚಿನ ಮೇಲೆ ಬಿದ್ದು ನಗುತ್ತಿದ್ದರು. ನನ್ನ ಪಕ್ಕ ನಿಂತಿದ್ದ ಒಬ್ಬ ಪ್ರಾಧ್ಯಾಪಕರು ನನ್ನನ್ನು ಗುರುತಿಸದೆ, "ಯಾರೋ ಪಾಪ, ನಿಜವಾಗಲೂ ಹೀಗೇ ಮಾತಾಡ್ತಾರಾ ಅಂತ" ಎಂದರು. ಹೌದು ಎನ್ನಬೇಕೋ ಬೇಡವೋ ತಿಳಿಯಲಿಲ್ಲ.

ರಾತ್ರಿ ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟೆ. ಕರ್ಕಿ ದಾಟಿತು, ಹೊನ್ನಾವರ ದಾಟಿತು. ಬೈಯುತ್ತೇನೆಂದು ಹೆದರಿದ್ದನೋ ಏನೋ, ಹುಡುಗ ಉಸಿರೆತ್ತಲಿಲ್ಲ. ಶರಾವತಿ ಸೇತುವೆಯ ಮಧ್ಯ ಬಂದಾಗ ಬೈಕು ನಿಲ್ಲಿಸಿದೆ. ಕೆಳಗೆ ದೋಣಿಯೊಂದರ ದೀಪ ಕಾಣುತ್ತಿತ್ತು. ಗಾಳಿ ಅಂದಿನ ಹಾಗೆಯೇ ಜೋರು.

"ಆ ಮಾಮೂಂದು ಇನ್ನೊಮ್ಮೆ ಮಾಡು" ಎಂದೆ.

"ಇಲ್ಲಾ?" ಎಂದ.

"ಇಲ್ಲೇ. ನಾನು ಹಿಂದೆ ನಿಂತಿದ್ದೆ, ಶುರುವಿನದು ಸರಿಯಾಗಿ ಕೇಳಿಸಲಿಲ್ಲ."